ಅರ್ಜಿಗೆ ಮುಂಚೆ ಅಳತೆ: ಬಳ್ಳಾರಿಯ ನಮ್ಮ ಬೀದಿಯ ಅನುಭವ

ಬಳ್ಳಾರಿಯ ಒಳಬಡಾವಣೆಗಳಲ್ಲಿ ಯಾರಾದರೂ ಬೈಕಿನಿಂದ ಬಿದ್ದರೆ ಮರುದಿನವೇ ಏಳುವ ಬೇಡಿಕೆ ರಸ್ತೆ ಉಬ್ಬಿನದು. ನಮ್ಮ ಬೀದಿಯಲ್ಲೂ ಹಾಗೆಯೇ ಆಯಿತು. ಸಿರುಗುಪ್ಪ ರಸ್ತೆಯ ಕಡೆಗೆ ತೆರೆದುಕೊಳ್ಳುವ ಈ ಮೂವತ್ತು ಅಡಿ ರಸ್ತೆಯನ್ನು ಬೈಕು, ಆಟೊ, ನೀರಿನ ಟ್ಯಾಂಕರ್‌ಗಳೆಲ್ಲ ಅಡ್ಡದಾರಿಯಾಗಿ ಬಳಸುತ್ತವೆ. ನಡುವೆ ಒಂದು ಪ್ರಾಥಮಿಕ ಶಾಲೆಯಿದೆ, ಹಿಂಭಾಗದ ಗಲ್ಲಿಗಳಲ್ಲಿ ಜೀನ್ಸ್ ಹೊಲಿಯುವ ಸಣ್ಣ ಘಟಕಗಳಿವೆ. ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಕಾಲುವೆಗಳ ಅಳತೆ ಕೆಲಸದಲ್ಲೇ ಸೇವಾವಧಿ ಕಳೆದು ನಿವೃತ್ತನಾದ ನನಗೆ, ಒಂದೂ ಅಳತೆಯಿಲ್ಲದ ಕಾಗದಕ್ಕೆ ಇಡೀ ಬೀದಿಯ ಸಹಿ ಹಾಕಿಸಿ ಒಯ್ಯುವುದು ಸರಿಕಾಣಲಿಲ್ಲ. ಆದುದರಿಂದ ಅರ್ಜಿಯನ್ನು ಸ್ವಲ್ಪ ಕಾಲ ತಡೆದು, ಮೊದಲು ಬೀದಿಯನ್ನು ಅಳೆಯೋಣ ಎಂದು ಸಂಘದ ಸಭೆಯಲ್ಲಿ ಕೇಳಿಕೊಂಡೆ.

ವೇಗ ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಟೇಪು ಹಿಡಿದು 50 ಮೀಟರ್ ಅಂತರದಲ್ಲಿ ಸುಣ್ಣದಿಂದ ಎರಡು ಗೆರೆ ಎಳೆದೆವು. ವಾಹನದ ಮುಂದಿನ ಚಕ್ರ ಮೊದಲ ಗೆರೆಯನ್ನು ದಾಟಿದಾಗಿನಿಂದ ಎರಡನೆಯದನ್ನು ದಾಟುವವರೆಗಿನ ಸಮಯವನ್ನು ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಹಿಡಿದು, 180ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಸಿಗುತ್ತದೆ: 5 ಸೆಕೆಂಡ್ ಎಂದರೆ 36, 4 ಸೆಕೆಂಡ್ ಎಂದರೆ 45. ಅಂತರ ಇದಕ್ಕಿಂತ ಕಡಿಮೆಯಾದರೆ ಬೆರಳು ಒತ್ತುವಲ್ಲಿನ ತಡವೇ ಲೆಕ್ಕವನ್ನು ಕೆಡಿಸುತ್ತದೆ. ಗೆರೆಯ ಬಳಿ ಗುಂಪು ನಿಂತರೆ ಸವಾರರು ತಾವಾಗಿಯೇ ನಿಧಾನಿಸುವುದರಿಂದ, ಇಬ್ಬರು ಮಾತ್ರ ಮನೆಯೊಂದರ ಗೇಟಿನ ಒಳಗೆ ಕುಳಿತು ಬರೆದುಕೊಳ್ಳುವುದು ಒಳ್ಳೆಯದು. ಸರಾಸರಿ ತೆಗೆಯಲು ಹೋಗಬಾರದು. ಎಲ್ಲ ವೇಗಗಳನ್ನೂ ಏರಿಕೆಯ ಕ್ರಮದಲ್ಲಿ ಬರೆದು, ನೂರು ವಾಹನಗಳಿದ್ದರೆ 85ನೆಯದರ ವೇಗವನ್ನು ನೋಡಬೇಕು. ಸಂಚಾರ ಎಂಜಿನಿಯರುಗಳು ಲೆಕ್ಕಕ್ಕೆ ಹಿಡಿಯುವುದು ಅದನ್ನೇ. ಶಾಲೆಯ ಬಳಿ ಇರಬೇಕಾದ 25 ಕಿ.ಮೀ. ವೇಗಕ್ಕೂ ನಮ್ಮ ಪಟ್ಟಿಯಲ್ಲಿದ್ದುದಕ್ಕೂ ಬಹಳ ದೂರವಿತ್ತು.

ಆದರೆ ಕಣ್ತೆರೆಸಿದ್ದು ವೇಗದ ಪಟ್ಟಿಯಲ್ಲ, ನೋಟದ ಅಳತೆ. ಚಾಲಕ ಅಡ್ಡಬಂದದ್ದನ್ನು ಕಂಡು, ಬ್ರೇಕ್ ಒತ್ತಿ, ವಾಹನ ನಿಲ್ಲುವಷ್ಟರಲ್ಲಿ ಕ್ರಮಿಸುವ ದೂರವನ್ನು ಹೆದ್ದಾರಿ ಎಂಜಿನಿಯರುಗಳ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡಗಳು ಗಂಟೆಗೆ 30 ಕಿ.ಮೀ. ವೇಗಕ್ಕೆ 30 ಮೀಟರ್, 40ಕ್ಕೆ 45 ಮೀಟರ್, 50ಕ್ಕೆ 60 ಮೀಟರ್ ಎಂದು ಹಿಡಿಯುತ್ತವೆ. ಅಷ್ಟು ದೂರ ಚಾಲಕನ ಕಣ್ಣಿಗೆ ರಸ್ತೆ ತೆರವಾಗಿ ಕಾಣಬೇಕು. ಶಾಲೆಯ ಪಕ್ಕದ ತಿರುವಿನಲ್ಲಿ ಹತ್ತು ವರ್ಷದ ಮಗುವಿನ ಎತ್ತರಕ್ಕೆ ಕೋಲು ಹಿಡಿದು, ಎದುರಿನಿಂದ ಬೈಕಿನಲ್ಲಿ ಬರುವವರಿಗೆ ಅದು ಎಲ್ಲಿಂದ ಕಾಣುತ್ತದೆ ಎಂದು ನೋಡಿದೆವು. ಕಿರಾಣಿ ಅಂಗಡಿಯ ಕಟ್ಟೆ, ಅದರ ಮೇಲೆ ಇಳಿಬಿಟ್ಟ ತಗಡಿನ ಚಾವಣಿ, ಪಕ್ಕದಲ್ಲಿ ಸದಾ ನಿಲ್ಲುವ ಗೂಡ್ಸ್ ಆಟೊ, ಇವು ಮೂರೂ ಸೇರಿ ಆ ಕೋಲನ್ನು ಕೊನೆಯ ಗಳಿಗೆಯವರೆಗೂ ಮರೆಮಾಡುತ್ತಿದ್ದವು. ಅಲ್ಲಿ ಉಬ್ಬು ಹಾಕಿದರೂ ತಿರುವು ಕುರುಡಾಗಿಯೇ ಉಳಿಯುತ್ತಿತ್ತು.

ಇದನ್ನು ಪಾಲಿಕೆಗೆ ಹೇಳುವ ಮೊದಲು ನಾವೇ ಇತ್ಯರ್ಥ ಮಾಡಿಕೊಳ್ಳಬೇಕಿತ್ತು, ಏಕೆಂದರೆ ಕಟ್ಟೆಯೂ ನಮ್ಮವರದು, ಆಟೊವೂ ನಮ್ಮವರದು. ಇಡೀ ಕೆಲಸದಲ್ಲಿ ಅತಿ ಕಷ್ಟದ ಭಾಗ ಇದೇ. ಅಂಗಡಿಯವರು, “ಸಾರ್, ಅಪ್ಪನ ಕಾಲದಿಂದ ಈ ಕಟ್ಟೆ ಐತೆ, ಈಗ ಇದೊಂದೇ ನಿಮ್ಮ ಕಣ್ಣಿಗೆ ಬಿತ್ತಾ? ನಿಮ್ಮ ಮನಿ ಮುಂದಿನ ಇಳಿಜಾರು ನೋಡ್ರಿ ಮೊದಲು” ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಪಾದಚಾರಿಗಳಿಗೆ ಕನಿಷ್ಠ 1.8 ಮೀಟರ್ ಅಗಲದ ದಾರಿ ತೆರವಾಗಿರಬೇಕೆಂದು ಮಾನದಂಡವಿದ್ದರೂ, ನಮ್ಮಲ್ಲಿ ಬಹುತೇಕ ಮನೆಗಳವರು ಬೈಕ್ ಹತ್ತಿಸಲು ಚರಂಡಿಯ ಮೇಲಿಂದ ರಸ್ತೆಯವರೆಗೂ ಸಿಮೆಂಟಿನ ಇಳಿಜಾರು ಚಾಚಿಕೊಂಡಿದ್ದರು. ಒಬ್ಬರನ್ನೇ ಗುರಿ ಮಾಡಿದಂತಾಗಬಾರದೆಂದು ತಿರುವಿನಿಂದ ಶಾಲೆಯ ಗೇಟಿನವರೆಗೆ ಇರುವ ಎಲ್ಲ ಮನೆ, ಅಂಗಡಿಗಳ ಚಾಚನ್ನೂ ಅಳೆದು ಒಂದೇ ನಕ್ಷೆಯಲ್ಲಿ ಗುರುತಿಸಿ, ಅದನ್ನು ದೇವಸ್ಥಾನದ ಕಟ್ಟೆಯ ಮೇಲೆ ಹರಡಿ ಎಲ್ಲರಿಗೂ ತೋರಿಸಿದೆವು. ತಮ್ಮ ಹೆಸರಿನ ಮುಂದೆ ಅಂಕಿ ಕಂಡಾಗ ಕೆಲವರು ಸಿಟ್ಟಾದರು, ಕೆಲವರು ನಕ್ಕರು. ಮೊದಲು ಸಂಘದ ಪದಾಧಿಕಾರಿಗಳೇ ತಮ್ಮ ಇಳಿಜಾರುಗಳನ್ನು ಒಡೆಸಿದರು. ಆ ಬಳಿಕ ಅಂಗಡಿಯವರು ಚಾವಣಿಯನ್ನು ಹಿಂದಕ್ಕೆ ಸರಿಸಿ ಕಟ್ಟೆಯ ಮೂಲೆಯನ್ನು ಕತ್ತರಿಸಲು ಒಪ್ಪಿದರು. ತಿರುವಿನಲ್ಲಿ ವಾಹನ ನಿಲ್ಲಿಸುವುದನ್ನು 2017ರ ಮೋಟಾರು ವಾಹನ ಚಾಲನಾ ನಿಯಮಗಳೇ ನಿಷೇಧಿಸುತ್ತವೆ ಎಂದು ತಿಳಿಸಿದ್ದಕ್ಕಿಂತ, ಆಟೊ ನಿಲ್ಲಿಸಲು ಶಾಲೆಯ ಆಚೆ ಬದಿಯ ಖಾಲಿ ನಿವೇಶನದ ಮಾಲೀಕರಿಂದ ಜಾಗ ಕೇಳಿ ಕೊಟ್ಟದ್ದು ಹೆಚ್ಚು ಫಲ ನೀಡಿತು.

ಬೆಳಕಿನ ವಿಷಯ ಹೆಣ್ಣುಮಕ್ಕಳಿಂದ ಬಂದಿತು. ಜೀನ್ಸ್ ಘಟಕಗಳಿಂದ ರಾತ್ರಿ ಮನೆಗೆ ಮರಳುವವರು ಯಾವ ಕಂಬದಿಂದ ಯಾವ ಕಂಬದವರೆಗೆ ಹೆಜ್ಜೆ ಬಿರುಸಾಗಿ ಹಾಕುತ್ತಾರೆ ಎಂಬುದು ಹಗಲಿನಲ್ಲಿ ಓಡಾಡುವ ನಮಗೆ ಗೊತ್ತೇ ಇರಲಿಲ್ಲ. ಅವರೊಂದಿಗೆ ನಡೆದು ಕಂಬಗಳ ಸಂಖ್ಯೆ ಬರೆದುಕೊಂಡಾಗ ತಿಳಿದದ್ದೇನೆಂದರೆ, ಕತ್ತಲಿದ್ದ ಕಡೆ ದೀಪಗಳು ಕೆಟ್ಟಿರಲಿಲ್ಲ, ಬೇವಿನ ಮತ್ತು ಹೊಂಗೆಯ ಕೊಂಬೆಗಳಿಗಿಂತ ಮೇಲೆ ಉರಿಯುತ್ತಿದ್ದವು. ಮರ ಕಡಿಸಿ ಎಂದವರೂ ಇದ್ದರು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ನೆರಳು ಕಳೆದುಕೊಂಡು ಬೆಳಕು ಪಡೆಯುವುದು ಬುದ್ಧಿವಂತಿಕೆಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ದೀಪದ ತೋಳನ್ನೇ ಕೊಂಬೆಗಳ ಕೆಳಗೆ ಇಳಿಸಿದರೆ ಸಾಕು ಎಂದು ಬರೆದೆವು, ಹಾಗೆಯೇ ಆಯಿತು.

ಅರ್ಜಿ ಸಿದ್ಧವಾದಾಗ ಅದನ್ನು ಒಂದರ ಬದಲು ಮೂರಾಗಿ ಮಾಡಿದೆವು. ಒಳರಸ್ತೆ, ಚರಂಡಿಯ ಚಪ್ಪಡಿ ಮತ್ತು ಬೀದಿದೀಪ ಪಾಲಿಕೆಯವು. ಕಂಬ ಮತ್ತು ತಂತಿ ವಿದ್ಯುತ್ ಸರಬರಾಜು ಕಂಪನಿಯಾದ ಜೆಸ್ಕಾಂನವು. ಫಲಕ ಎಲ್ಲಿರಬೇಕು, ವಾಹನ ಎಲ್ಲಿ ನಿಲ್ಲಬಾರದು ಎಂಬುದಕ್ಕೆ ಸಂಚಾರ ಪೊಲೀಸರ ಅಭಿಪ್ರಾಯ ಬೇಕು. ಎಲ್ಲವನ್ನೂ ಒಂದೇ ಕಾಗದದಲ್ಲಿ ಬರೆದರೆ ಅದು ಎಲ್ಲರದೂ ಆಗಿ ಯಾರದೂ ಆಗದೆ ಉಳಿಯುತ್ತದೆ. 39 ವಾರ್ಡುಗಳ ನಗರದಲ್ಲಿ ಒಬ್ಬ ಎಂಜಿನಿಯರ್ ಹಲವು ಬೀದಿಗಳನ್ನು ನೋಡಬೇಕಾಗುವುದರಿಂದ, ಒಂದು ಪುಟದ ಬರಹ, ಒಂದು ನಕ್ಷೆ, ಎರಡು ಫೋಟೊ ಇಷ್ಟಕ್ಕೆ ಮಿತಿ ಹಾಕಿಕೊಂಡೆವು. ಅದೇ ಅಂಶಗಳನ್ನು ಸರ್ಕಾರದ 1902 ಕುಂದುಕೊರತೆ ಸಹಾಯವಾಣಿಯಲ್ಲೂ ದಾಖಲಿಸಿ, ಆ ನೋಂದಣಿ ಸಂಖ್ಯೆಯನ್ನು ಅರ್ಜಿಯ ತಲೆಯಲ್ಲಿ ಬರೆದದ್ದರಿಂದ ಮುಂದೆ ಯಾರನ್ನು ವಿಚಾರಿಸಿದರೂ ಕಡತ ಬೇಗ ಸಿಗುತ್ತಿತ್ತು. ಸ್ಥಳ ಪರಿಶೀಲನೆಗೆ ಬಂದ ಎಂಜಿನಿಯರು ನಕ್ಷೆಯನ್ನು ನೋಡಿ ಮೊದಲು ತಮ್ಮದೇ ಟೇಪಿನಿಂದ ಎರಡು ಅಳತೆಗಳನ್ನು ತಾಳೆ ನೋಡಿದರು. ಅವು ಹೊಂದಿದ ಮೇಲೆ ಮಾತುಕತೆಯ ಧಾಟಿಯೇ ಬದಲಾಯಿತು.

ಕೊನೆಗೆ ಉಬ್ಬು ಬಂದದ್ದು ಶಾಲೆಯ ಮುಂದೆ ಮಾತ್ರ. ಅದಕ್ಕೂ ಅಳತೆಯಿದೆ: 25 ಕಿ.ಮೀ. ವೇಗಕ್ಕೆ ತಕ್ಕ ದುಂಡನೆಯ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, 40 ಮೀಟರ್ ಮೊದಲೇ ಎಚ್ಚರಿಕೆಯ ಫಲಕ ಬೇಕು, ರಾತ್ರಿ ಕಾಣುವಂತೆ ಬಣ್ಣದ ಪಟ್ಟಿ ಬೇಕು. ಜನ ತಾವೇ ಸಿಮೆಂಟ್ ಸುರಿದು ಕಟ್ಟಿಕೊಳ್ಳುವ ಕಿರಿದಾದ, ಕಡಿದಾದ ದಿಣ್ಣೆ ಬೈಕ್ ಸವಾರನನ್ನು ಬೀಳಿಸುತ್ತದೆ, 108 ಆಂಬುಲೆನ್ಸಿನಲ್ಲಿ ಮಲಗಿದವರಿಗೆ ಹಿಂಸೆ ಕೊಡುತ್ತದೆ. ಹಳೆಯ ಅಂತಹ ಎರಡು ದಿಣ್ಣೆಗಳನ್ನು ತೆಗೆಸುವಂತೆ ಕೇಳಿದ ಸಂಘ ನಮ್ಮದು, ಇದಕ್ಕಾಗಿ ಬೈಸಿಕೊಂಡದ್ದೂ ಉಂಟು.

ಸಿರುಗುಪ್ಪ ರಸ್ತೆಗೆ ಕೂಡುವ ಬಾಯಿ ಇನ್ನೂ ಬಾಕಿ ಇದೆ. ಅದು ರಾಷ್ಟ್ರೀಯ ಹೆದ್ದಾರಿ 150ಎಯ ಮಾರ್ಗವಾದ್ದರಿಂದ ವಾರ್ಡ್ ಮಟ್ಟದಲ್ಲಿ ತೀರ್ಮಾನವಾಗುವ ವಿಷಯವಲ್ಲ. ಹೆದ್ದಾರಿಗಳಲ್ಲಿ ಅಪಘಾತ ವಲಯವೆಂದು ಗುರುತಿಸಲು ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳೊಳಗೆ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳು, ಇಲ್ಲವೇ 10 ಸಾವುಗಳು ಸಂಭವಿಸಿರಬೇಕು ಎಂಬ ಮಾನದಂಡವಿದೆ. ಅಷ್ಟಾಗುವವರೆಗೆ ಕಾಯುವುದು ನಮಗೆ ಒಪ್ಪಿಗೆಯಿಲ್ಲ. ಕೂದಲೆಳೆಯಲ್ಲಿ ತಪ್ಪಿದ ಘಟನೆಗಳನ್ನು ದಿನಾಂಕ, ಸಮಯ, ದಿಕ್ಕು, ವಾಹನದ ಬಗೆ ಸಹಿತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇವೆ. ಅದು ಈಗ ತಿರುವಿನ ಅದೇ ಕಿರಾಣಿ ಅಂಗಡಿಯ ಗಲ್ಲೆಯ ಮೇಲೆ ಇರುತ್ತದೆ, ಹೆಚ್ಚಿನ ದಾಖಲೆಗಳೂ ಅಂಗಡಿಯವರ ಕೈಬರಹದವೇ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗೆ ಸಲ್ಲಿಸಲಿರುವ ಮನವಿಗೆ ಆ ಪುಟಗಳ ಪ್ರತಿಯನ್ನೂ ಹೊಸ ವೇಗದ ಪಟ್ಟಿಯನ್ನೂ ಲಗತ್ತಿಸುತ್ತಿದ್ದೇವೆ.