ಸಂಶಯ ಇಟ್ಟುಕೊಂಡೇ ಪ್ರಾರ್ಥಿಸಿದ್ದು

ಅಣ್ಣನಿಗೆ ಕಾಯಿಲೆ ಜಾಸ್ತಿಯಾದಾಗ ಮನೆಯಲ್ಲಿ 21 ದಿನ ಉಪವಾಸ ಪ್ರಾರ್ಥನೆ ಮಾಡಿದೆವು. ಅವನು ಉಳಿಯಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ಒಬ್ಬರು ಅಮ್ಮನ ಪಕ್ಕ ಕೂತು, “ಮನೆಯಲ್ಲಿ ಯಾರಿಗೋ ನಂಬಿಕೆ ಸಾಲಲಿಲ್ಲ” ಅಂದರು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಸುಮ್ಮನೆ ಕೂತಿದ್ದರು. ಸಾವಿನ ಮನೆಯಲ್ಲಿ ಯಾರೂ ಆಡಬಾರದ ಮಾತು ಅದು.

ಆಮೇಲೆ ಒಂದು ವರ್ಷ ನನಗೆ ಪ್ರಾರ್ಥನೆ ಬರಲಿಲ್ಲ. ದೇವರು ಇದ್ದಾನಾ? ಇದ್ದರೆ ಕೇಳಿಸಿಕೊಂಡನಾ? ಮೊದಲು ಇದು ಬಗೆಹರಿಯಲಿ, ಆಮೇಲೆ ಮೊಣಕಾಲೂರೋಣ ಅಂತ ಕಾದೆ. ನಾನು ಎಡವಿದ್ದು ಅಲ್ಲೇ.

ಕೊನೆಗೆ ನಮ್ಮ ಸಭೆಯ ಪಾಸ್ಟರ್ ಅಯ್ಯನವರ ಹತ್ತಿರ ಹೇಳಿಕೊಂಡೆ. ಅವರು ಉಪದೇಶ ಮಾಡಲಿಲ್ಲ. “ಬೈಬಲಿನಲ್ಲಿ 88ನೇ ಕೀರ್ತನೆ ಓದಮ್ಮ, ಸದ್ಯಕ್ಕೆ ಅಷ್ಟು ಸಾಕು” ಅಂದರು. 13ನೇ ಕೀರ್ತನೆಯೂ ಗೋಳೇ, ಆದರೆ ಆರೇ ವಚನಗಳಲ್ಲಿ ಅದು ಹಾಡಾಗಿಬಿಡುತ್ತದೆ. 88 ಹಾಗಲ್ಲ. 18 ವಚನ ಓದಿದರೂ ಕೊನೆಗೆ ಉಳಿಯುವುದು ಕತ್ತಲೆ. ಆದರೂ ಅಷ್ಟನ್ನೂ ಆ ಕೀರ್ತನೆ ಬರೆದವನು ದೇವರಿಗೇ ಹೇಳುತ್ತಾನೆ ಅಲ್ವಾ? ಹೀಗೂ ಪ್ರಾರ್ಥಿಸಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ.

ರಾತ್ರಿ ಒಲೆಕಟ್ಟೆ ಒರೆಸಿ, ಅಲ್ಲೇ ಸ್ಟೂಲಿನ ಮೇಲೆ ಕೂತು ಓದತೊಡಗಿದೆ. ಬಾಯಿಬಿಟ್ಟೇ ಓದುತ್ತಿದ್ದೆ, ಮನಸ್ಸಿನಲ್ಲೇ ಓದಿದರೆ ಗಮನ ಎಲ್ಲೋ ಹೋಗುತ್ತಿತ್ತು. ಓದಿ ಮುಗಿಸಿ ಆ ದಿನದ ನಿಜ ಒಂದು ಸಾಲು. “ಕರ್ತನೇ, ಇವತ್ತು ನೀನಿದ್ದೀ ಅನ್ನಿಸಲಿಲ್ಲ.” ಎಷ್ಟೋ ರಾತ್ರಿ ಅಷ್ಟೇ. ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಕಾಯಿಲೆಯ ಮಗನನ್ನು ಕರೆತಂದ ಒಬ್ಬ ತಂದೆ ಯೇಸುವಿಗೆ ನಂಬುತ್ತೇನೆ ಅಂತಲೂ ಹೇಳುತ್ತಾನೆ, ಅದೇ ಉಸಿರಿನಲ್ಲಿ ತನ್ನ ಅಪನಂಬಿಕೆಗೆ ಸಹಾಯವನ್ನೂ ಕೇಳುತ್ತಾನೆ. ಯೇಸು ಅವನನ್ನು ಬೈಯಲಿಲ್ಲ, ಮಗನನ್ನು ವಾಸಿಮಾಡಿದ. ನನ್ನ ಅಣ್ಣ ವಾಸಿಯಾಗಲಿಲ್ಲ. ಇದು ಈಗಲೂ ನೋಯುತ್ತದೆ, ಇದನ್ನೂ ಹೇಳುತ್ತೇನೆ.

ಮದರ್ ತೆರೇಸಾ ತೀರಿಕೊಂಡು 10 ವರ್ಷಕ್ಕೆ, 2007ರಲ್ಲಿ, ಅವರ ಪತ್ರಗಳು ಹೊರಬಂದವು. ಸುಮಾರು 50 ವರ್ಷ ಅವರೊಳಗೂ ಕತ್ತಲೆಯಿತ್ತಂತೆ. ಆದರೂ ಪ್ರಾರ್ಥನೆ ಬಿಡಲಿಲ್ಲ. ಅದನ್ನು ಓದಿದ ದಿನ ಅತ್ತುಬಿಟ್ಟೆ.

ಭಾನುವಾರದ ಆರಾಧನೆಯನ್ನೂ ಬಿಡಲಿಲ್ಲ. ಇದಕ್ಕೆ ಧೈರ್ಯ ಕೊಟ್ಟವನು ಯೇಸುವಿನ ಶಿಷ್ಯ ತೋಮ. ಯೇಸು ಸತ್ತು ಎದ್ದಿದ್ದಾನೆ ಅಂದಾಗ, ಅವನ ಗಾಯ ಮುಟ್ಟಿ ನೋಡದೆ ನಂಬುವುದಿಲ್ಲ ಅಂದವನು ಅಂತಲೇ ಎಲ್ಲರೂ ಅವನನ್ನು ನೆನೆಯುತ್ತಾರೆ. ಆದರೆ ಎಂಟು ದಿನದ ಮೇಲೆ ಯೇಸು ಬಂದಾಗ ಅವನು ಅದೇ ಶಿಷ್ಯರ ಜೊತೆ ಒಳಗಿದ್ದ. ನಂಬದವನನ್ನು ಅವರು ಹೊರಗೆ ಹಾಕಿರಲಿಲ್ಲ, ಅವನೂ ಎದ್ದು ಹೋಗಿರಲಿಲ್ಲ.

ಸಭೆಯಲ್ಲಿ ಎಲ್ಲರೂ ಒಟ್ಟಿಗೆ ವಿಶ್ವಾಸ ಪ್ರಮಾಣ, ಅಂದರೆ ನಾವು ನಂಬುವುದೇನು ಅನ್ನುವ ಮಾತುಗಳನ್ನು, ಹೇಳುವಾಗ ನಾನು ಬಾಯಿ ಮುಚ್ಚಿ ನಿಲ್ಲುತ್ತಿದ್ದೆ. ಪಕ್ಕದಲ್ಲಿ ನಿಲ್ಲುವ ಅಜ್ಜಿ ಅದನ್ನು ಗಮನಿಸಿ ಒಂದು ಭಾನುವಾರ ನನ್ನ ಕೈ ಹಿಡಿದುಕೊಂಡರು. “ನೀನು ಸುಮ್ನೆ ನಿಂತ್ಕೊ ಮಗಾ. ನಿನ್ನ ಪಾಲಿಂದೂ ನಾನೇ ಹೇಳ್ತೀನಿ” ಅಂದರು.

ಈಗ ನಾನೂ ಹೇಳುತ್ತೇನೆ. ದೇಹದ ಪುನರುತ್ಥಾನ, ಅಂದರೆ ಸತ್ತವರು ಮತ್ತೆ ಏಳುತ್ತಾರೆ ಅನ್ನೋ ಮಾತು ಬಂದಾಗ ಅಣ್ಣನ ಮುಖ ಕಣ್ಣಮುಂದೆ ಬಂದು ದನಿ ಇಳಿಯುತ್ತದೆ. ಆಗ ಅಜ್ಜಿಯ ದನಿ ಕೇಳಿಸುತ್ತದೆ.