ಮೂರು ತಟ್ಟೆ ಹಣ್ಣು, ನಾಲ್ಕು ಲೋಟ ವೈನ್: ನನ್ನ ಅನುಭವ

ನಾನು ಉಡುಪಿ ಕಡೆಯವಳು. ಓದಿದ್ದು ನರ್ಸಿಂಗ್. ಈಗ ಜೆರುಸಲೇಮಿನಲ್ಲಿ ಒಬ್ಬ ಯಹೂದಿ ಅಜ್ಜಿಯ ಮನೆಯಲ್ಲೇ ಇದ್ದು ಅವರನ್ನು ನೋಡಿಕೊಳ್ಳುತ್ತೇನೆ. ನಮ್ಮ ಕರಾವಳಿಯ ತುಂಬಾ ಜನ ಇಲ್ಲಿ ಇದೇ ಕೆಲಸದಲ್ಲಿದ್ದಾರೆ. ಮೊಮ್ಮಕ್ಕಳು ಕರೆಯುವ ಹಾಗೆ ನಾನೂ ಅವರನ್ನು ಸವ್ತಾ ಅಂತಲೇ ಕರೆಯುತ್ತೇನೆ. ಮರಗಳ ಹೊಸವರ್ಷ ಬಂತೆಂದರೆ ಅವರ ಮನೆಯ ಸೇದರ್ ಊಟದ (ಒಂದು ಕ್ರಮದಲ್ಲಿ ತಿಂದು, ಕುಡಿದು, ಓದುವ ಹಬ್ಬದೂಟ) ತಯಾರಿ ಪೂರ್ತಿ ನನ್ನದು.

ಈ ದಿನಕ್ಕೆ ತು ಬಿಶ್ವಾತ್ ಅಂತಾರೆ. ಯಹೂದಿ ಪಂಚಾಂಗದ ಶ್ವಾತ್ ತಿಂಗಳ 15, ನಮ್ಮ ಜನವರಿ–ಫೆಬ್ರವರಿ ಹೊತ್ತಿಗೆ ಬರುತ್ತದೆ. ಬಾದಾಮಿ ಮರ ಹೂ ಬಿಡುವ ಕಾಲ. ಮೊದಲು ಇದು ಹಬ್ಬವಲ್ಲ, ಲೆಕ್ಕದ ದಿನ. ದಶಾಂಶ, ಅಂದರೆ ಬೆಳೆಯ ಹತ್ತರಲ್ಲೊಂದು ಪಾಲು ಕೊಡುವಾಗ ಯಾವ ಹಣ್ಣು ಯಾವ ವರ್ಷದ್ದು ಅಂತ ಗೊತ್ತಾಗಬೇಕಿತ್ತು; ನಮ್ಮ ಮಾರ್ಚ್ 31 ಇದ್ದ ಹಾಗೆ. ಹಳೆಯ ಕಾಲದ ಇಬ್ಬರು ಯಹೂದಿ ಗುರುಗಳಲ್ಲಿ ಶಮ್ಮಾಯ್ ಕಡೆಯವರು ತಿಂಗಳ 1 ಅಂದರು, ಹಿಲ್ಲೆಲ್ ಕಡೆಯವರು 15 ಅಂದರು. ಹಿಲ್ಲೆಲ್ ಮಾತೇ ನಿಂತಿತು. ಎಷ್ಟೋ ಶತಮಾನ ಕಳೆದ ಮೇಲೆ ಕಬ್ಬಾಲಾ ಅನ್ನುವ ಯಹೂದಿ ಪಂಥದ ಅನುಭಾವಿಗಳು ಇದಕ್ಕೆ ಹಣ್ಣು, ವೈನ್, ಓದು ಸೇರಿಸಿದರು. ಆ ಕ್ರಮದ ಪುಸ್ತಿಕೆ 1753ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು.

ವೈನ್ ತರುವಾಗ ಬಾಟಲಿಯ ಮೇಲೆ ‘ಮೆವುಶಾಲ್’ ಅಂತ ಇದೆಯಾ ನೋಡುತ್ತೇನೆ. ಅಂದರೆ ಕುದಿಸಿದ್ದು. ಕಟ್ಟುನಿಟ್ಟಿನ ಮನೆಗಳಲ್ಲಿ ಯಹೂದಿಯಲ್ಲದವರು ಬಗ್ಗಿಸಿದ ವೈನ್ ಕುಡಿಯುವುದಿಲ್ಲ, ಕುದಿಸಿದ್ದಾದರೆ ಪರವಾಗಿಲ್ಲ. ಇದು ಗೊತ್ತಾದಾಗ ನಮ್ಮೂರಿನ ಮಡಿ ನೆನಪಾಗಿ ಬೇಜಾರಾಗಿತ್ತು. ಆದರೆ ನಾನೇ ಬಡಿಸಲಿ ಅಂತಲೇ ಸವ್ತಾ ಈ ಬಾಟಲಿ ತರಿಸುವುದು. ಮೊದಲ ಲೋಟ ಬಿಳಿ ವೈನ್. ಎರಡನೆಯದಕ್ಕೆ ಸ್ವಲ್ಪ ಕೆಂಪು, ಮೂರನೆಯದಕ್ಕೆ ಇನ್ನೂ ಜಾಸ್ತಿ, ನಾಲ್ಕನೆಯದು ಪೂರ್ತಿ ಕೆಂಪು. ಚಳಿಗಾಲ ಬಣ್ಣಕ್ಕೆ ತಿರುಗುವ ಲೆಕ್ಕ ಅದು. ಮಾತ್ರೆ ನುಂಗುವವರಾದ್ದರಿಂದ ಅವರಿಗೆ ಒಂದೊಂದೇ ಗುಟುಕು.

ಮೂರು ತಟ್ಟೆ ಇಡುತ್ತೇನೆ. ಒಂದರಲ್ಲಿ ಹೊರಗೆ ಸಿಪ್ಪೆ ಇರುವಂಥವು: ಬಾದಾಮಿ, ಅಕ್ರೋಟು, ದಾಳಿಂಬೆ. ಇನ್ನೊಂದರಲ್ಲಿ ಒಳಗೆ ಗಟ್ಟಿ ಬೀಜ ಇರುವಂಥವು: ಖರ್ಜೂರ, ಆಲಿವ್. ಮೂರನೆಯದರಲ್ಲಿ ಇಡಿಯಾಗಿ ತಿನ್ನುವಂಥವು: ಅಂಜೂರ, ದ್ರಾಕ್ಷಿ. ಒಣ ಅಂಜೂರವನ್ನು ಮಾತ್ರ ಒಂದೊಂದಾಗಿ ಬಿಡಿಸಿ, ಬೆಳಕಿಗೆ ಹಿಡಿದು ಹುಳ ನೋಡಬೇಕು. ಪೂರ್ತಿ ಕ್ರಮದಲ್ಲಿ ತಟ್ಟೆಗೆ ಹತ್ತು ಬಗೆ, ಒಟ್ಟು 30. ನಮ್ಮಲ್ಲಿ ಅಷ್ಟಿಲ್ಲ. ಕಬ್ಬಾಲಾದವರ ಲೆಕ್ಕದಲ್ಲಿ ಮೂರು ತಟ್ಟೆ ಅಂದರೆ ಮೂರು ಲೋಕ. ಅವುಗಳ ಮೇಲಿನ ನಾಲ್ಕನೇ ಲೋಕಕ್ಕೆ ತಟ್ಟೆಯೇ ಇಲ್ಲ.

ಹಣ್ಣು ತಿನ್ನುವ ಮುಂಚಿನ ಆಶೀರ್ವಾದ ಸವ್ತಾ ಅವರೇ ಹೇಳುತ್ತಾರೆ. ನಾನು ಯಹೂದಿಯಲ್ಲ, ಆಗುವ ಯೋಚನೆಯೂ ಇಲ್ಲ. ಆದರೆ ಒಂದೊಂದು ತಟ್ಟೆಗೂ ಒಬ್ಬೊಬ್ಬರು ತಮ್ಮ ಬಗ್ಗೆ ಹೇಳಬೇಕು ಅನ್ನುವುದು ಈ ಮನೆಯ ರೂಢಿ, ಅದರಿಂದ ನನಗೂ ಬಿಡುಗಡೆಯಿಲ್ಲ. ಮೊದಲ ತಟ್ಟೆಗೆ ಸವ್ತಾ “ನಿನ್ನ ಸಿಪ್ಪೆ ಯಾವುದು?” ಅಂತ ಕೇಳಿದರು. ಊರಿನವರು ಕೆಲಸದ ಬಗ್ಗೆ ಕೇಳಿದಾಗ ಆಸ್ಪತ್ರೆ ಅಂತ ಹಾರಿಸಿಬಿಡುತ್ತೇನೆ, ಅದೇ ಅಂದೆ. ಸವ್ತಾ ನಕ್ಕು, “ಸಿಪ್ಪೆ ಇಲ್ಲದಿದ್ದರೆ ಈ ಬಾದಾಮಿ ನಮ್ಮ ತನಕ ಬರುತ್ತಿತ್ತಾ?” ಅಂದರು.

ಆಮೇಲೆ ಓದು. ಅವರಿಗೆ ಇಷ್ಟವಾದದ್ದು ಪಿರ್ಕೇ ಅವೋತ್ ಅನ್ನುವ ಹಳೆಯ ಯಹೂದಿ ನೀತಿಮಾತುಗಳ ಸಂಗ್ರಹದಲ್ಲಿರುವ ರಬ್ಬಿ (ಧರ್ಮಗುರು) ಎಲಾಜಾರ್ ಬೆನ್ ಅಜರ್ಯಾ ಅವರ ಮಾತು. ಮಾಡುವುದಕ್ಕಿಂತ ತಿಳಿದದ್ದು ಜಾಸ್ತಿಯಾದವನು ಕೊಂಬೆ ತುಂಬಾ, ಬೇರು ಕಮ್ಮಿ ಇರುವ ಮರ. ಗಾಳಿ ಬಂದರೆ ಬುಡಮೇಲು. ತಿಳಿದದ್ದಕ್ಕಿಂತ ಮಾಡುವುದು ಜಾಸ್ತಿಯಾದವನಿಗೆ ಬೇರು ಜಾಸ್ತಿ. ಲೋಕದ ಗಾಳಿಯೆಲ್ಲ ಬೀಸಿದರೂ ಅಲುಗುವುದಿಲ್ಲ. ನಮ್ಮ ಮನೆಗಳಲ್ಲಿ ವಿದ್ಯೆಯೇ ಬುಡ ಅಂತಾರೆ, ಅಲ್ವಾ? ಇಲ್ಲಿ ವಿದ್ಯೆ ಕೊಂಬೆ, ಕೈಕೆಲಸ ಬೇರು. ಓದಿಗೆ ತಕ್ಕ ಕೆಲಸ ಸಿಗಲಿಲ್ಲ ಅಂತ ಕೊರಗುತ್ತಿದ್ದ ನನಗೆ ಇದು ತಟ್ಟಿತು.

ಆಗಿನಿಂದ ಶುಕ್ರವಾರ ಸಂಜೆ, ಸವ್ತಾ ಸಬ್ಬತ್ತಿನ (ವಾರದ ವಿಶ್ರಾಂತಿ ದಿನದ) ದೀಪ ಹಚ್ಚುವ ಮುಂಚೆ, ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯುತ್ತೇನೆ. ಮೊಬೈಲಿನಲ್ಲಿ ಸುಮ್ನೆ ನೋಡಿದ ಮಂಡಿಯ ವ್ಯಾಯಾಮ ಕೊಂಬೆ. ಅವರ ಕಾಲು ಹಿಡಿದು ಮಾಡಿಸಿದ್ದು ಬೇರು. ಬೆನ್ನಿಗೆ ಹುಣ್ಣಾಗದ ಹಾಗೆ ರಾತ್ರಿ ಎದ್ದು ಮಗ್ಗುಲು ಬದಲಿಸಿದ್ದು ಬೇರು. ಕೆಲವು ವಾರ ಬರೀ ಕೊಂಬೆಯೇ ಇರುತ್ತದೆ. ಧ್ಯಾನ, ಬೋಧನೆಗಿಂತ ಈ ಲೆಕ್ಕ ನನಗೆ ಒಗ್ಗಿದೆ.

ಹೋದ ಸಲ ಗೇರುಹಣ್ಣಿನ ಫೋಟೋ ತೋರಿಸಿದೆ. ಹಣ್ಣಿಗೆ ಸಿಪ್ಪೆ ಸುಲಿಯುವಂತಿಲ್ಲ, ಒಳಗೆ ಬೀಜವಿಲ್ಲ, ಬೀಜ ಹೊರಗೆ ನೇತಾಡುತ್ತದೆ. ಯಾವ ತಟ್ಟೆ ಅಂತ ಕೇಳಿದೆ. ಸವ್ತಾ ಅವರ ಮಗ ಮೂರನೆಯದು ಅಂದ, ಸೊಸೆ ಮೊದಲನೆಯದು ಅಂದಳು. ಸವ್ತಾ ಫೋಟೋವನ್ನು ತುಂಬಾ ಹೊತ್ತು ನೋಡಿ, “ಮೊದಲು ತಿಂದು ನೋಡಬೇಕು, ತರಿಸು” ಅಂದರು.