ಸೀನಿಯರ್ ವರ್ಷದ ಗ್ರೇಡು ಅಮೆರಿಕದ ಕಾಲೇಜು ಪ್ರವೇಶಕ್ಕೆ ಎಷ್ಟು ಲೆಕ್ಕಕ್ಕೆ ಬರುತ್ತದೆ: ನನ್ನ ಅನುಭವ

ಅಮೆರಿಕದಲ್ಲಿರುವ ಕನ್ನಡದ ಅಪ್ಪ-ಅಮ್ಮಂದಿರ ಜೊತೆ ಕೂತು ಮಕ್ಕಳ ಕಾಲೇಜು ಅರ್ಜಿ ತುಂಬಿಸುವಾಗ ನಾನು ಮೊದಲು ಹೇಳುವ ಮಾತು, ಇದು ಸೆಕೆಂಡ್ ಪಿಯುಸಿ ಅಲ್ಲ. ನಮ್ಮೂರಲ್ಲಿ ಕೊನೆಯ ವರ್ಷದ ಪಿಸಿಎಂ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿ ಎಂಜಿನಿಯರಿಂಗ್ ರ‍್ಯಾಂಕ್ ಆಗುತ್ತದೆ. ಇಲ್ಲಿ ಕೊನೆಯದಾದ ಸೀನಿಯರ್ ವರ್ಷ, ಅಂದರೆ ಹನ್ನೆರಡನೇ ತರಗತಿ, ಮುಗಿಯುವ ಎಷ್ಟೋ ಮುಂಚೆ ಅರ್ಜಿ ಹೋಗಿರುತ್ತದೆ. ಅರ್ಲಿ, ಅಂದರೆ ಬೇಗ ಹಾಕಿ ಬೇಗ ಉತ್ತರ ಪಡೆಯುವ ಅರ್ಜಿಗೆ ಸಾಮಾನ್ಯವಾಗಿ ನವೆಂಬರ್ 1 ಅಥವಾ 15, ರೆಗ್ಯುಲರ್‌ಗೆ ಬಹುಪಾಲು ಜನವರಿಯ ಮೊದಲ ದಿನಗಳು. ಶಾಲೆಯ ಅಂಕಪಟ್ಟಿಯಾದ ಟ್ರಾನ್ಸ್‌ಕ್ರಿಪ್ಟಿನಲ್ಲಿ ಆಗ ಇರುವುದು ಹೆಚ್ಚಾಗಿ ಹನ್ನೊಂದನೇ ತರಗತಿವರೆಗಿನ ಗ್ರೇಡು.

ಕೊನೆಯ ವರ್ಷದ ಗ್ರೇಡು ಏನು ಮಾಡಬಲ್ಲದು ಎನ್ನುವುದನ್ನು ಹಾಳೆಯ ಮೇಲೆ ಲೆಕ್ಕ ಹಾಕಿ ತೋರಿಸುತ್ತೇನೆ. ಸೆಮಿಸ್ಟರಿಗೆ 6 ವಿಷಯ ಎಂದರೆ ಮೂರು ವರ್ಷಕ್ಕೆ 36 ಗ್ರೇಡು. ಎಗೆ 4, ಬಿಗೆ 3 ಎಂದು ಅಂಕ ಕೊಟ್ಟು ತೆಗೆದ ಸರಾಸರಿಯೇ ಜಿಪಿಎ; ಅದು 3.60 ಇದ್ದರೆ ಒಟ್ಟು 129.6. ಸೀನಿಯರ್ ಮೊದಲ ಸೆಮಿಸ್ಟರಿನಲ್ಲಿ ಆರಕ್ಕೆ ಆರೂ ಎ ಬಂದರೂ 153.6 ಅನ್ನು 42ರಿಂದ ಭಾಗಿಸಿ ಸಿಗುವುದು 3.66. ಆರೂ ಬಿ ಆದರೆ 3.51. ಹಳೆಯ ಗ್ರೇಡನ್ನು ಕೊನೆಯಲ್ಲಿ ಎತ್ತಿ ನಿಲ್ಲಿಸುತ್ತೇನೆ ಎಂಬ ಆಸೆ ಈ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಆದರೆ ಮಿಡ್‌ಇಯರ್ ರಿಪೋರ್ಟ್ (ಸೀನಿಯರ್ ಮೊದಲ ಸೆಮಿಸ್ಟರಿನ ಗ್ರೇಡು ಕಾಲೇಜಿಗೆ ತಲುಪುವ ವರದಿ) ತೆರೆದವರ ಕಣ್ಣಿಗೆ ಬೀಳುವುದು ಸರಾಸರಿಯಲ್ಲ, ಆರು ಅಕ್ಷರಗಳು. ಎಂಜಿನಿಯರಿಂಗ್ ಕೇಳಿದ ಹುಡುಗನಿಗೆ ಕ್ಯಾಲ್ಕುಲಸ್‌ನಲ್ಲಿ ಸಿ ಬಂದಿದ್ದರೆ ಜಿಪಿಎ ಎಷ್ಟಿದ್ದರೂ ಪ್ರಶ್ನೆ ಏಳುತ್ತದೆ. ಅರ್ಲಿಯಲ್ಲಿ ಡಿಫರ್ ಆದವರಿಗೆ (ನಿರ್ಧಾರ ರೆಗ್ಯುಲರ್ ಸುತ್ತಿಗೆ ಮುಂದೆ ಹೋದವರಿಗೆ), ವೇಟ್‌ಲಿಸ್ಟಿನಲ್ಲಿರುವವರಿಗೆ ಹೊಸದಾಗಿ ತೋರಿಸಲು ಇರುವ ಗಟ್ಟಿ ಆಧಾರವೂ ಇದೇ.

ಗ್ರೇಡು ಬರುವ ಮೊದಲೇ ವಿಷಯಗಳ ಪಟ್ಟಿಯನ್ನು ಅಳೆಯುತ್ತಾರೆ. ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ ಆ ವರ್ಷ ಓದುತ್ತಿರುವ ವಿಷಯಗಳನ್ನು ಬರೆಯುವ ಜಾಗವೇ ಇದೆ. ಹಾಗಾಗಿ ಪಟ್ಟಿಯನ್ನು ಜೂನಿಯರ್ ವರ್ಷದಲ್ಲೇ (ಹನ್ನೊಂದನೇ ತರಗತಿ) ನೋಡಿ ಎನ್ನುತ್ತೇನೆ: ಇಂಗ್ಲಿಷ್, ಗಣಿತ, ವಿಜ್ಞಾನ ಮೂರೂ ಇರಲಿ, ಓದಬೇಕೆಂದಿರುವ ಕ್ಷೇತ್ರದ ಎಪಿ (ಕಾಲೇಜು ಮಟ್ಟದ ವಿಷಯ) ಒಂದೆರಡು ಇರಲಿ. ಐದು ಎಪಿ ಹೊತ್ತು ಎರಡರಲ್ಲಿ ಸಿ ತರುವುದಕ್ಕಿಂತ ಮೂರನ್ನು ಚೆನ್ನಾಗಿ ಮಾಡುವುದೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೆಚ್ಚು ಎಡವುವುದು ಜನವರಿಯಲ್ಲಿ. ಅರ್ಜಿ ಹೋಯಿತಲ್ಲ ಎಂದು ಕಷ್ಟದ ವಿಷಯವನ್ನು ಬಿಟ್ಟು ಸುಲಭದ್ದನ್ನು ಹಿಡಿಯುತ್ತಾರೆ, ಕಾಲೇಜಿಗೆ ತಿಳಿಸುವುದಿಲ್ಲ. ಅರ್ಜಿಯಲ್ಲಿ ಬರೆದದ್ದು ಒಂದು, ಕೊನೆಯ ಟ್ರಾನ್ಸ್‌ಕ್ರಿಪ್ಟಿನಲ್ಲಿ ಇರುವುದು ಇನ್ನೊಂದು ಆಗುತ್ತದೆ. ಸಿಕ್ಕ ಸೀಟು ಹಿಂದಕ್ಕೆ ಹೋಗಲು ಇಷ್ಟೇ ಸಾಕಾಗಬಹುದು. ಬಿಡುವ ಮುಂಚೆ ಶಾಲೆಯ ಸಲಹೆಗಾರರಾದ ಕೌನ್ಸಿಲರ್ ಹತ್ತಿರ ಮಾತಾಡಿ, ಪ್ರತಿ ಕಾಲೇಜಿಗೂ ಬರೆದು ಕೇಳಿ, ಉತ್ತರ ಬಂದ ಮೇಲೆ ಬಿಡಿ.

ಕ್ಯಾಲಿಫೋರ್ನಿಯಾದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ಗಳದ್ದು ಬೇರೆ ದಾರಿ. ಅವರು ಜಿಪಿಎ ಲೆಕ್ಕ ಹಾಕುವುದು ಒಂಬತ್ತನೇ ತರಗತಿ ಮುಗಿದ ಬೇಸಿಗೆಯಿಂದ ಹನ್ನೊಂದು ಮುಗಿದ ಬೇಸಿಗೆವರೆಗಿನ ಎ-ಜಿ ವಿಷಯಗಳಿಂದ (ಯುಸಿ ಪ್ರವೇಶಕ್ಕೆ ಬೇಕಾದ ವಿಷಯಗಳ ಪಟ್ಟಿ). ಸೀನಿಯರ್ ಗ್ರೇಡು ಅದರಲ್ಲಿ ಸೇರುವುದಿಲ್ಲ. ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ, ಪ್ರವೇಶ ಪತ್ರದ ಜೊತೆ ಷರತ್ತು ಬರುತ್ತದೆ. ಡಿ ಅಥವಾ ಎಫ್ ಬಂದರೆ ಮುಚ್ಚಿಡದೆ ಕೂಡಲೇ ತಿಳಿಸಬೇಕು.

ಗ್ರೇಡು ಬಿದ್ದಾಗ ವಿದ್ಯಾರ್ಥಿಯೇ ಕಾಲೇಜಿಗೆ ನಾಲ್ಕು ಸಾಲು ಬರೆಯಲಿ: ಯಾವ ವಿಷಯ, ಏನಾಯಿತು, ಈಗ ಏನು ಮಾಡುತ್ತಿದ್ದಾನೆ, ಇವತ್ತಿನ ಗ್ರೇಡು ಎಷ್ಟು. ಅಪ್ಪ-ಅಮ್ಮ ಬರೆದುಕೊಡಬೇಡಿ, ಓದಿದ ತಕ್ಷಣ ಗೊತ್ತಾಗುತ್ತದೆ. ಮಿಡ್‌ಇಯರ್ ರಿಪೋರ್ಟ್ ತಲುಪುವ ಮೊದಲೇ ಇದು ಹೋಗಬೇಕು. ಆ ರಿಪೋರ್ಟನ್ನು ಕಳಿಸುವವರು ಶಾಲೆಯ ಕೌನ್ಸಿಲರ್, ವಿದ್ಯಾರ್ಥಿಯಲ್ಲ. ಯಾವ ಕಾಲೇಜಿಗೆ ಬೇಕು ಎಂಬ ಪಟ್ಟಿಯನ್ನು ಡಿಸೆಂಬರ್ ರಜೆಗೆ ಮುಂಚೆ ಅವರ ಕೈಗೆ ಕೊಡಿ. ರಜೆಯಲ್ಲಿ ಶಾಲೆಯ ಕಚೇರಿ ಮುಚ್ಚಿರುತ್ತದೆ.

ಜೂನ್‌ನಲ್ಲಿ ಕೊನೆಯ ಟ್ರಾನ್ಸ್‌ಕ್ರಿಪ್ಟ್ ಹೋಗುತ್ತದೆ. ಯುಸಿಗೆ ಜುಲೈ 1ರ ಗಡುವು. ಶಾಲೆಯವರು ಕಳಿಸಿದ್ದೇವೆ ಎಂದರೂ ಕಾಲೇಜಿನ ಪೋರ್ಟಲಿನಲ್ಲಿ ತಲುಪಿದೆ ಎಂದು ಕಾಣುವವರೆಗೂ ವಾರಕ್ಕೊಮ್ಮೆ ತೆರೆದು ನೋಡಿ.